ಆಸ್ಪತ್ರೆಯಿಂದ ಮನೆಗೆ ಬಂದ ಅಪ್ಪ ಮನೆ ಡಾಕ್ಟರ ಎದುರು ಬಾಯಿ ಬಿಡುವುದಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಅಪ್ಪನಿಗೆ 74 ವರ್ಷ, ಮನೆ ಹೊನ್ನಾವರದ ಹತ್ತಿರ. ಹೃದಯದ ತೊಂದರೆಯಾಗಿ ದೂರದ ದೊಡ್ಡ ಆಸ್ಪತ್ರೆಯಲ್ಲಿ 11 ದಿನ ಇದ್ದು ಬಂದಿದ್ದಾರೆ. ಮನೆಯಲ್ಲಿ ಅಮ್ಮ ಒಬ್ಬರೇ, ನೀವಿರುವುದು ಬೆಂಗಳೂರಲ್ಲಿ. ಮನೆ ಡಾಕ್ಟರ ಹತ್ತಿರ ಹೋದರೆ ಅಪ್ಪ 'ಚಲೋ ಇದ್ದೇನೆ' ಅಂತ ಹೇಳಿ ಎದ್ದು ಬರುತ್ತಾರೆ. ಡಾಕ್ಟರಿಗೆ ಪುರುಸೊತ್ತಿಲ್ಲ, ಫೈಲು ನೋಡಿದರೋ ಇಲ್ಲವೋ ಗೊತ್ತಾಗುವುದಿಲ್ಲ. ಇಬ್ಬರ ನಡುವೆ ಮಾತು ಸರಿಯಾಗಿ ನಡೆಯಬೇಕಾದರೆ ಏನು ಮಾಡಬೇಕು ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ, ಸೊಸೆ. ಶಿರಸಿಯಿಂದ ಸಿದ್ದಾಪುರ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ನಮ್ಮ ಮನೆ. ಮಾವನಿಗೆ 79. ಉಸಿರು ಕಟ್ಟಿ, ಕಾಲು ಬಾತು, ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಹೃದಯಕ್ಕೆ ರಕ್ತ ಹೊರಗೆ ತಳ್ಳುವ ಶಕ್ತಿ ಕಡಿಮೆಯಾಗಿದೆ ಅಂದರು. ಆಸ್ಪತ್ರೆಯ ಒಂಬತ್ತು ದಿನಕ್ಕಿಂತ ಆಮೇಲಿನ ಎರಡು ತಿಂಗಳೇ ನಮಗೆ ಕಷ್ಟ ಆಗಿದ್ದು. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ಡಿಸ್ಚಾರ್ಜ್ ದಿನ ಹೇಗಿರುತ್ತದೆ ಅಂತ ನಿಮಗೂ ಗೊತ್ತಿರಬೇಕು. ಬೆಳಿಗ್ಗೆ ರೌಂಡ್ಸಿಗೆ ಬಂದವರು 'ಇವತ್ತು ಮನೆಗೆ ಹೋಗಬಹುದು' ಅನ್ನುತ್ತಾರೆ. ಬಿಲ್ಲು, ಇನ್ಶೂರೆನ್ಸ್ ಒಪ್ಪಿಗೆ ಎಲ್ಲ ಮುಗಿಯುವಾಗ ಸಂಜೆ ಆರು. ಮಾತ್ರೆ ಯಾವಾಗ, ಹೇಗೆ ಅಂತ ನಮಗೆ ಹೇಳಿದ್ದು ಲಿಫ್ಟಿನ ಹತ್ತಿರ ನಿಂತುಕೊಂಡು, ನಾಲ್ಕೇ ನಿಮಿಷ. ಆಗ ನಾನು ಗಾಲಿಕುರ್ಚಿ ಹುಡುಕುತ್ತಿದ್ದೆ, ನಮ್ಮನೆಯವರು ಕಾರು ತರಲು ಕೆಳಗೆ ಹೋಗಿದ್ದರು. ತಡಸ, ಮುಂಡಗೋಡ ದಾಟಿ ಮನೆ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಅತ್ತೆ ಹೊಸ ಮಾತ್ರೆಗಳನ್ನೆಲ್ಲ ಹಳೆಯ ಹಾರ್ಲಿಕ್ಸ್ ಡಬ್ಬಿಗೇ ಹಾಕಿಟ್ಟರು. ಅದರಲ್ಲಿ ಮೊದಲಿನ ಮಾತ್ರೆಗಳೂ ಇದ್ದವು.

ನಾಲ್ಕನೇ ದಿನ ಬೆಳಗಿನ ಜಾವ ಮಾವ ಬಚ್ಚಲುಮನೆ ಬಾಗಿಲಲ್ಲಿ ಬಿದ್ದರು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಶಿರಸಿಯಲ್ಲಿ ನಮ್ಮ ಮನೆ ಡಾಕ್ಟರು ಬಿಪಿ ನೋಡಿ ಸುಮ್ಮನಾದರು. ಆಮೇಲೆ, 'ಮನೆಯಲ್ಲಿರುವ ಎಲ್ಲಾ ಮಾತ್ರೆ ತಗೊಂಡು ಬನ್ನಿ, ಚೀಟಿ ಅಲ್ಲ, ಮಾತ್ರೆ' ಅಂದರು. ನಮ್ಮನೆಯವರು ಬೈಕಲ್ಲಿ ಹೋಗಿ ಡಬ್ಬಿ ತಂದರು. ಡಾಕ್ಟರು ಅದನ್ನು ಮೇಜಿನ ಮೇಲೆ ಸುರಿದು ಮಾತ್ರೆಯ ಎರಡು ಪಟ್ಟಿ (ಸ್ಟ್ರಿಪ್) ಆರಿಸಿ ಪಕ್ಕಪಕ್ಕ ಹಿಡಿದರು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಕೆಳಗೆ ಔಷಧದ ಹೆಸರು ಎರಡರಲ್ಲೂ ಟೆಲ್ಮಿಸಾರ್ಟಾನ್. ಮೊದಲಿನದು ಅವರೇ ವರ್ಷಗಳಿಂದ ಬಿಪಿಗೆ ಕೊಡುತ್ತಿದ್ದದ್ದು, ಎರಡನೆಯದು ಹುಬ್ಬಳ್ಳಿಯದು. ಮಾವ ನಾಲ್ಕು ದಿನ ಎರಡನ್ನೂ ನುಂಗಿದ್ದರು, ಬಿಪಿ ತೀರಾ ಇಳಿದು ಬಿದ್ದಿದ್ದರು.

'ಹಳೇದು ನಿಲ್ಲಿಸಿ ಅಂತ ಯಾರಾದರೂ ಹೇಳಿದ್ರಾ?' ಅಂತ ಕೇಳಿದರು. ಯಾರೂ ಹೇಳಿರಲಿಲ್ಲ. 'ಮುಂದುವರಿಸಿ ಅಂತ?' ಅದನ್ನೂ ಯಾರೂ ಹೇಳಿರಲಿಲ್ಲ.

ನನಗೆ ವಿಷಯ ಅರ್ಥವಾಗಿದ್ದು ಆಗಲೇ. ದೊಡ್ಡ ಆಸ್ಪತ್ರೆಯ ಡಾಕ್ಟರಿಗೂ ನಮ್ಮ ಮನೆ ಡಾಕ್ಟರಿಗೂ ಪರಿಚಯವೇ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಫೋನು ಮಾಡುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪರಿಸ್ಥಿತಿ ಹಾಗಿದೆ ಅಲ್ವಾ? ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕುಮಟಾ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ, ಕಾರವಾರದವರು ಗೋವಾಕ್ಕೆ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದ್ದರೂ 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗಿದ್ದು ಸುಮ್ನೆ ಅಲ್ಲ. ಚಿಕಿತ್ಸೆ ಕೊಟ್ಟವರು ನೂರು ಕಿಲೋಮೀಟರ್ ಆಚೆ, ಆಮೇಲೆ ನೋಡಿಕೊಳ್ಳುವವರು ಇಲ್ಲಿ. ನಡುವೆ ಸುದ್ದಿ ಒಯ್ಯುವವರು ಅಂತ ಇರುವುದು ಮನೆಯವರು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದ ಆಗುವ ಹಾನಿ ತಪ್ಪಿಸಲು ಜಗತ್ತಿನಾದ್ಯಂತ ಒಂದು ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಮುಖ್ಯವಾಗಿ ಗಮನ ಕೊಡಬೇಕು ಅಂತ ಆರಿಸಿದ ಮೂರು ವಿಷಯಗಳಲ್ಲಿ ಒಂದು, ರೋಗಿ ಒಂದು ಕಡೆಯ ಆರೈಕೆಯಿಂದ ಇನ್ನೊಂದು ಕಡೆಗೆ ಹೋಗುವ ಹೊತ್ತು. ಅಂದರೆ ಇದು ನಮ್ಮ ನಿಮ್ಮ ಮನೆಯ ತೊಂದರೆ ಮಾತ್ರ ಅಲ್ಲ.

ಆದ್ದರಿಂದ ಮೊದಲ ಕೆಲಸ, ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲಿ. ಹಳೆಯದು, ಹೊಸದು, ಮೊಣಕಾಲು ನೋವಿಗೆ ಮೆಡಿಕಲ್ ಶಾಪಲ್ಲಿ ಕೇಳಿ ತಂದದ್ದು, ಎಲ್ಲ. ಈ ನೋವಿನ ಮಾತ್ರೆ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದವು ಹೃದಯದ ಶಕ್ತಿ ಕಡಿಮೆ ಇರುವವರಲ್ಲಿ ನೀರು ತುಂಬಿಸುತ್ತವೆ, ಕಿಡ್ನಿಗೂ ಹೊಡೆತ. ಅವನ್ನು 'ಔಷಧ' ಅಂತ ನಮ್ಮ ಹಿರಿಯರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಾಕ್ಟರು 'ಬೇರೆ ಏನಾದರೂ ತಗೊಳ್ತೀರಾ' ಅಂದರೆ 'ಇಲ್ಲ' ಅನ್ನುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ಅವರ ಮನಸ್ಸಿನಲ್ಲಿ ಅದು ಔಷಧವೇ ಅಲ್ಲ.

ಜೊತೆಗೆ ಒಂದು ಹಾಳೆ. ಡಿಸ್ಚಾರ್ಜ್ ಸಮ್ಮರಿ ನಮಗೆ ಆರು ಪುಟ ಇತ್ತು, ಅರ್ಧಕ್ಕಿಂತ ಜಾಸ್ತಿ ರಕ್ತಪರೀಕ್ಷೆಯ ಅಂಕಿಗಳು. ಎದುರಿಗೆ ನಲವತ್ತು ಜನ ಕೂತಿರುವಾಗ ಯಾವ ಡಾಕ್ಟರೂ ಅದನ್ನು ಪೂರ್ತಿ ಓದುವುದಿಲ್ಲ, ಓದಲು ಆಗುವುದೂ ಇಲ್ಲ. ನಾನು ಒಂದು ಪುಟದಲ್ಲಿ ಬರೆದುಕೊಂಡು ಹೋದೆ. ಯಾಕೆ ಸೇರಿಸಿದ್ದು, ಎಷ್ಟು ದಿನ, ಏನು ಮಾಡಿದರು. ಹೊಸದಾಗಿ ಶುರುವಾದ ಮಾತ್ರೆ ಯಾವುದು, ನಿಂತದ್ದು ಯಾವುದು, ಪ್ರಮಾಣ ಬದಲಾದದ್ದು ಯಾವುದು. ಯಾವುದರ ಬಗ್ಗೆ ನಮಗೇ ಗೊತ್ತಿಲ್ಲವೋ ಅದರ ಮುಂದೆ 'ನಿಲ್ಲಿಸಬೇಕೋ ಮುಂದುವರಿಸಬೇಕೋ?' ಅಂತ ಬರೆದೆ. ಡಾಕ್ಟರು ಮೊದಲು ಓದಿದ್ದೇ ಆ ಸಾಲನ್ನು. ಮಾತ್ರೆಯ ಹೆಸರು ಬರೆಯುವಾಗ ಕಂಪನಿ ಇಟ್ಟ ಹೆಸರು ಬೇಡ, ಪಟ್ಟಿಯ ಮೇಲೆ ಇರುವ ಔಷಧದ ಮೂಲ ಹೆಸರನ್ನೇ ಬರೆಯಿರಿ. ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕು ಅಂತ 2018ರಿಂದ ನಿಯಮ ಇದೆ, ಹುಡುಕುವುದು ಕಷ್ಟವಲ್ಲ.

ಸಮ್ಮರಿ ಓದುವಾಗ ಇನ್ನೊಂದು ನೋಡಿ. ಕೆಲವು ಪರೀಕ್ಷೆಯ ಫಲಿತಾಂಶ ಡಿಸ್ಚಾರ್ಜ್ ಆದಮೇಲೆ ಬರುತ್ತದೆ. ರಕ್ತ, ಮೂತ್ರದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡಲು ಕಲ್ಚರ್ ಅಂತ ಮಾಡುತ್ತಾರಲ್ಲ, ಅದಕ್ಕೆ ಎರಡು ಮೂರು ದಿನ ಬೇಕೇ ಬೇಕು. 'ಇನ್ನೂ ಬರಬೇಕಾದ ರಿಪೋರ್ಟ್ ಇದೆಯಾ' ಅಂತ ಆಸ್ಪತ್ರೆಗೆ ಫೋನು ಮಾಡಿ ಕೇಳಿ. ಯಾವುದಾದರೂ ದಾಖಲೆ ಕೊಟ್ಟಿಲ್ಲ ಅಂದರೆ ಲಿಖಿತವಾಗಿ ಕೇಳಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬೆಂಗಳೂರಿನಲ್ಲಿ ಕೂತು ನೀವು ಮಾಡಬಹುದಾದ ಕೆಲಸ ಇದು.

ಇನ್ನು 'ಚಲೋ ಇದ್ದೇನೆ' ವಿಷಯ. ನಮ್ಮ ಕಡೆ ಅದಕ್ಕೆ 'ಅಡ್ಡಿಲ್ಲೆ' ಅನ್ನುತ್ತೇವೆ. ಮಾವನಿಗೆ ಎಲ್ಲದಕ್ಕೂ ಅಡ್ಡಿಲ್ಲೆ. ಕಾಲು ಬಾತಿದ್ದರೂ ಅಡ್ಡಿಲ್ಲೆ, ರಾತ್ರಿ ಕೂತೇ ಬೆಳಗು ಮಾಡಿದ್ದರೂ ಅಡ್ಡಿಲ್ಲೆ. ನಾನು ಮನೆಗೆ ಬಂದು ಸಿಟ್ಟು ಮಾಡುತ್ತಿದ್ದೆ. ಒಂದು ದಿನ ಜಗುಲಿಯಲ್ಲಿ ಅಡಿಕೆ ಆರಿಸುತ್ತಾ ಕೂತಿದ್ದಾಗ ತಾವಾಗಿಯೇ ಅಂದರು, 'ಹೇಳಿದ್ರೆ ಮತ್ತೆ ಹುಬ್ಳಿ ದಾರಿ ಅಲ್ದನೆ ಕೂಸೆ?' ಐಸಿಯುನಲ್ಲಿ ಎರಡು ರಾತ್ರಿ ಕೈ ಕಟ್ಟಿದ್ದರಂತೆ, ಸೂಜಿ ಕಿತ್ತುಕೊಳ್ಳುತ್ತಾರೆ ಅಂತ. ನಮಗೆ ಅದು ಗೊತ್ತೇ ಇರಲಿಲ್ಲ. ಅವರು ಬಾಯಿ ಮುಚ್ಚಿಕೊಂಡಿದ್ದು ಹಟಕ್ಕಲ್ಲ, ಹೆದರಿಕೆಗೆ.

ಇದನ್ನು ನಾನು ಮನೆ ಡಾಕ್ಟರಿಗೆ ಮೊದಲೇ ಫೋನಲ್ಲಿ ಹೇಳಿದೆ. ಮುಂದಿನ ಸಲ ಅವರು ಮಾತು ಶುರು ಮಾಡಿದ್ದೇ ಹೀಗೆ: 'ಹೆಗಡೇರೆ, ನಿಮ್ಮನ್ನ ಹುಬ್ಬಳ್ಳಿಗೆ ಕಳಿಸಬಾರದು ಅಂತಲೇ ನಾನು ಕೇಳ್ತಾ ಇರೋದು. ಬೇಗ ಹೇಳಿದ್ರೆ ಇಲ್ಲೇ ಮುಗಿಸ್ತೇನೆ.' ಮಾವ ಅವತ್ತು ಹತ್ತು ನಿಮಿಷ ಮಾತಾಡಿದರು.

'ಸುಸ್ತು' ಅನ್ನುವ ಶಬ್ದವೂ ಅಷ್ಟೇ ಮೋಸ ಮಾಡುತ್ತದೆ. ಉಸಿರು ಸಾಲದಿದ್ದರೂ ಸುಸ್ತು, ತಲೆ ತಿರುಗಿದರೂ ಸುಸ್ತು, ಕಾಲಲ್ಲಿ ತ್ರಾಣ ಇಲ್ಲದಿದ್ದರೂ ಸುಸ್ತು, ಮನಸ್ಸಿಗೆ ಬೇಜಾರಾದರೂ ಸುಸ್ತು. ಡಾಕ್ಟರಿಗೆ ನಾಲ್ಕಕ್ಕೂ ಬೇರೆ ಬೇರೆ ಅರ್ಥ. ಸುಸ್ತು ಅಂದರೆ ಟಾನಿಕ್ ಬರೆದು ಕಳಿಸಿಬಿಡುವುದೂ ಉಂಟು. ಹಾಗಾಗಿ ಶಬ್ದ ಬಿಟ್ಟು ನಡೆದದ್ದನ್ನೇ ಹೇಳಬೇಕು ಅಂತ ನಾವು ರೂಢಿ ಮಾಡಿಕೊಂಡೆವು. 'ಮೊದಲು ತೋಟಕ್ಕೆ ಇಳಿದು ಒಂದೇ ಉಸಿರಿಗೆ ಮೇಲೆ ಬರುತ್ತಿದ್ದೆ, ಈಗ ಸಂಕದ ಹತ್ತಿರ ಒಮ್ಮೆ, ಕೊಟ್ಟಿಗೆ ಹತ್ತಿರ ಒಮ್ಮೆ ನಿಲ್ಲಬೇಕು.' ಇಷ್ಟು ಹೇಳಿದರೆ ಸಾಕು, ಡಾಕ್ಟರಿಗೆ ಎಲ್ಲ ಗೊತ್ತಾಗುತ್ತದೆ. ನಿಮ್ಮ ಅಪ್ಪನಿಗೆ ದಿನಾ ಹೋಗುವ ದಾರಿ ಯಾವುದು? ದೇವಸ್ಥಾನಕ್ಕೋ, ಸಮುದ್ರದ ದಂಡೆಗೋ, ಅಂಗಡಿಗೋ? ಆ ದಾರಿಯಲ್ಲಿ ಎಲ್ಲಿ ನಿಲ್ಲುತ್ತಾರೆ ಅಂತ ಕೇಳಿ.

ಈಗ ನನಗೆ ಹೇಳಲು ಸ್ವಲ್ಪ ಸಂಕೋಚ ಇರುವ ಭಾಗ. ಮಾವನಿಗೆ ನೀರು ಇಳಿಸಲು ಫ್ಯೂರೋಸಮೈಡ್ ಕೊಟ್ಟಿದ್ದರು. ತಗೊಂಡರೆ ಮೂರು ನಾಲ್ಕು ಗಂಟೆ ಒಂದಕ್ಕೆ ಓಡುತ್ತಲೇ ಇರಬೇಕು. ಎರಡು ತಿಂಗಳಾದರೂ ಕಾಲಿನ ಬಾವು ಇಳಿಯಲಿಲ್ಲ. ಡಾಕ್ಟರು ಪ್ರಮಾಣ ಜಾಸ್ತಿ ಮಾಡಿದರು. ಆದರೂ ಇಳಿಯಲಿಲ್ಲ. ಪ್ರತಿ ಸಲವೂ ನಾನು ಪಕ್ಕದಲ್ಲಿ ಕೂತು ಎಲ್ಲದಕ್ಕೂ ನಾನೇ ಉತ್ತರ ಕೊಡುತ್ತಿದ್ದೆ. 'ಮಾತ್ರೆ ಸರಿಯಾಗಿ ತಗೊಳ್ತಾರಾ?' 'ಹೌದು ಡಾಕ್ಟರೇ, ನಾನೇ ಕೈಗೆ ಕೊಡ್ತೇನೆ.' ಒಂದು ದಿನ ಡಾಕ್ಟರು ಕೈ ಎತ್ತಿ, 'ನೀವು ಸ್ವಲ್ಪ ಹೊರಗೆ ಕೂತಿರಿ' ಅಂದರು. ನನಗೆ ಮುಖ ಸಣ್ಣದಾಯಿತು. ಐದು ನಿಮಿಷ ಬಿಟ್ಟು ಕರೆದರು. ಮಾವ ನೆಲ ನೋಡುತ್ತಿದ್ದರು. ಶಿರಸಿಗೆ ಸೊಸೈಟಿಗೆ ಹೋಗುವ ದಿನ, ಮದುವೆ ಮುಂಜಿಗೆ ಹೋಗುವ ದಿನ ಆ ಮಾತ್ರೆಯನ್ನು ಅವರು ತಗೊಳ್ಳುತ್ತಿರಲಿಲ್ಲ. ನಾನು ಕೈಗೆ ಕೊಟ್ಟದ್ದನ್ನು ಅಂಗಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಬಸ್ಸಲ್ಲಿ ಎಲ್ಲಿ ಇಳಿಯುವುದು? ಒಮ್ಮೆ ಪಂಚೆ ಒದ್ದೆಯಾಗಿತ್ತಂತೆ. ಅದನ್ನು ಸೊಸೆ ಎದುರು ಹೇಗೆ ಹೇಳುವುದು?

ಡಾಕ್ಟರು ಬೈಯಲಿಲ್ಲ. 'ಹೊರಗೆ ಹೋಗುವ ದಿನ ಬೆಳಿಗ್ಗೆ ಬೇಡ, ಬಂದಮೇಲೆ ಮಧ್ಯಾಹ್ನ ತಗೊಳ್ಳಿ, ಸಂಜೆ ಮಾತ್ರ ಮಾಡಬೇಡಿ, ರಾತ್ರಿ ನಿದ್ದೆ ಕೆಡ್ತದೆ' ಅಂದರು. ಜಾಸ್ತಿ ಮಾಡಿದ್ದ ಪ್ರಮಾಣ ಮೊದಲಿನಷ್ಟಕ್ಕೇ ಇಳಿಸಿದರು. ಹದಿನೈದು ದಿನದಲ್ಲಿ ಕಾಲು ಇಳಿಯಿತು. (ಇದು ನಮ್ಮ ಮಾವನಿಗೆ ಅವರ ಡಾಕ್ಟರು ಹೇಳಿದ್ದು. ನಿಮ್ಮ ಅಪ್ಪನ ಹೊತ್ತು ನೀವಾಗಿಯೇ ಬದಲಿಸಬೇಡಿ, ಕೇಳಿ ಮಾಡಿ.)

ಅವತ್ತಿನಿಂದ ಪ್ರತಿ ಸಲ ಎರಡು ನಿಮಿಷ ನಾನು ಹೊರಗೆ ಕೂರುತ್ತೇನೆ. ನಿಮ್ಮ ಅಪ್ಪನಿಗೂ ಡಾಕ್ಟರ ಜೊತೆ ಒಬ್ಬರೇ ಇರುವ ಎರಡು ನಿಮಿಷ ಸಿಗಲಿ. ಮಗನ ಎದುರು, ಹೆಂಡತಿ ಎದುರು ಹೇಳಲಾಗದ್ದು ಇದ್ದೇ ಇರುತ್ತದೆ. ಮತ್ತೆ, ದಯವಿಟ್ಟು ನೀವು ಸ್ಪೀಕರ್ ಫೋನಿನಲ್ಲಿ ಸೇರಿಕೊಂಡು ಅಪ್ಪನ ಪರವಾಗಿ ಮಾತಾಡಬೇಡಿ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು, ನಾನೂ ಅದನ್ನೇ ಮಾಡಿದ್ದು. ಆದರೆ ಬೇರೆಯವರು ಉತ್ತರ ಕೊಡುವಾಗ ರೋಗಿ ಸುಮ್ಮನಾಗುತ್ತಾನೆ.

ಊಟದ ವಿಷಯದಲ್ಲೂ ಹೀಗೇ ಆಯಿತು. 'ಉಪ್ಪು ಕಡಿಮೆ' ಅಂದರೆ ಮಾವ ಬಾಳೆಲೆ ತುದಿಗೆ ಹಾಕುವ ಉಪ್ಪು ಬಿಟ್ಟರು, ದಿನಾ ಎರಡು ಹೊತ್ತಿನ ಅಪ್ಪೆಮಿಡಿ ಉಪ್ಪಿನಕಾಯಿ ಬಿಡಲಿಲ್ಲ. ನಿಮ್ಮ ಕಡೆ ಒಣಮೀನು ಇರಬಹುದು. 'ದಿನಕ್ಕೆ ಒಂದೂವರೆ ಲೀಟರ್ ನೀರು' ಅಂದರೆ ತಂಬಿಗೆಯಲ್ಲಿ ಅಳೆದು ನೀರು ಕುಡಿದರು. ಕಷಾಯ, ತಂಬುಳಿ, ಅಪ್ಪೆಹುಳಿ, ಮಜ್ಜಿಗೆ ಲೆಕ್ಕಕ್ಕೆ ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರಿಗೆ ಅಪ್ಪೆಹುಳಿಯನ್ನು ಲೋಟಗಟ್ಟಲೆ ಕುಡಿಯುತ್ತಾರೆ ಅಂತ ಗೊತ್ತಿರಲು ಸಾಧ್ಯವಿಲ್ಲ. ಮನೆ ಡಾಕ್ಟರಿಗೆ ಗೊತ್ತು. ಅದಕ್ಕೇ ಅವರ ಹತ್ತಿರ ಊಟದ ಮಾತು ಬಿಡಿಸಿ ಆಡಬೇಕು, ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಬಾಯಿಗೆ ಹೋಗುತ್ತದೆ ಅಂತ. ನಾಟಿ ಔಷಧ ಕೂಡ. ನಮ್ಮ ಕಷಾಯದ ಪುಡಿಯಲ್ಲಿ ಜೇಷ್ಠಮಧು ಹಾಕುತ್ತಿದ್ದೆವು. ಅದನ್ನು ದಿನಾ ಜಾಸ್ತಿ ತಗೊಂಡರೆ ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ, ಮೂತ್ರದ ಮಾತ್ರೆ ಜೊತೆ ಇನ್ನೂ ತೊಂದರೆ. ಡಾಕ್ಟರು ಕಷಾಯ ಬಿಡಿ ಅನ್ನಲಿಲ್ಲ, ಜೇಷ್ಠಮಧು ಬಿಡಿ ಅಂದರು. ಬೈಯುತ್ತಾರೆ ಅಂತ ನಾವು ಹೇಳದೇ ಇದ್ದದ್ದು ಅದು.

ಕಿವಿ ಹೇಗಿದೆ ಅಪ್ಪನದು? ಮಾವನಿಗೆ ಎಡಗಿವಿ ಮಂದ. ಡಾಕ್ಟರ ಕೋಣೆಯಲ್ಲಿ ಫ್ಯಾನಿನ ಸದ್ದು, ಹೊರಗೆ ಜನರ ಗದ್ದಲ. ಅವರು ಎಲ್ಲದಕ್ಕೂ 'ಹೂಂ' ಅನ್ನುತ್ತಿದ್ದದ್ದು ಅರ್ಧ ಕೇಳದೆ. ಈಗ ಬಲಗಿವಿ ಡಾಕ್ಟರ ಕಡೆ ಬರುವ ಹಾಗೆ ಕುರ್ಚಿ ತಿರುಗಿಸಿ ಕೂರಿಸುತ್ತೇನೆ. ಏಳುವ ಮೊದಲು ಮಾವ ತಾವು ಕೇಳಿಸಿಕೊಂಡದ್ದನ್ನು ಒಮ್ಮೆ ಹೇಳುತ್ತಾರೆ: 'ಹಾಗಾರೆ ಬಿಳಿ ಮಾತ್ರೆ ಅರ್ಧ, ಹಳದಿದು ರಾತ್ರಿ ಬೇಡ, ಅಲ್ದಾ?' ತಪ್ಪಿದ್ದರೆ ಡಾಕ್ಟರು ಅಲ್ಲೇ ತಿದ್ದುತ್ತಾರೆ. ಅರ್ಧ ನಿಮಿಷದ ಕೆಲಸ.

ಡಾಕ್ಟರಿಗೆ ಪುರುಸೊತ್ತಿಲ್ಲ ಅಂತ ಬರೆದಿದ್ದೀರಿ. ನಿಜ ಇರಬಹುದು. ಅವರ ಕಾಂಪೌಂಡರಿಗೆ ಫೋನು ಮಾಡಿ, ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಕೇಳಿ. ನಮ್ಮಲ್ಲಿ ಮಧ್ಯಾಹ್ನ ಒಂದೂವರೆಯ ಮೇಲೆ. 'ಆಸ್ಪತ್ರೆಯಿಂದ ಬಂದವರು, ಔಷಧ ಎಲ್ಲ ಒಮ್ಮೆ ನೋಡಬೇಕು' ಅಂತ ಮೊದಲೇ ಹೇಳಿದರೆ ಕೊನೆಗೆ ಇಟ್ಟುಕೊಳ್ಳುತ್ತಾರೆ. ಹೃದಯದ ತೊಂದರೆಯಾಗಿ ಮನೆಗೆ ಬಂದವರನ್ನು 7ರಿಂದ 14 ದಿನದೊಳಗೆ ಒಮ್ಮೆ ಸರಿಯಾಗಿ ನೋಡಬೇಕು ಅನ್ನುವುದು ವೈದ್ಯರ ಪದ್ಧತಿ, ಆಗ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆ ಬೇಕಾ ಅಂತಲೂ ಕೇಳಿ. ನೀರಿನಂಶ ಹೊರಗೆ ಹಾಕುವ ಮಾತ್ರೆಯಿಂದ ಸೋಡಿಯಂ ಇಳಿದರೆ ವಯಸ್ಸಾದವರು ಒಂದಕ್ಕೊಂದು ಸಂಬಂಧ ಇಲ್ಲದ ಮಾತಾಡಲು ಶುರು ಮಾಡುತ್ತಾರೆ. ಮನೆಯವರು ಅದನ್ನು ಅರಳುಮರಳು ಅಂದುಕೊಂಡು ಸುಮ್ಮನಿರುತ್ತಾರೆ. ಹಾಗೆ ಆಗಬಾರದು.

ತೂಕದ ಯಂತ್ರ ಒಂದು ಕಳಿಸಿಕೊಡಿ. ಬೆಳಿಗ್ಗೆ ಒಂದಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು ನಿಂತು ನೋಡಿ ಕ್ಯಾಲೆಂಡರಿನಲ್ಲಿ ಬರೆಯಲಿ. ಮೂರು ದಿನದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಅದು ಊಟದ ತೂಕ ಅಲ್ಲ, ನೀರು. ಆ ದಿನವೇ ಡಾಕ್ಟರಿಗೆ ಹೇಳಬೇಕು. ಮಾವ ಈಗ ಕ್ಯಾಲೆಂಡರಿನ ಹಾಳೆಯನ್ನೇ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋಗುತ್ತಾರೆ. ಬಾಯಲ್ಲಿ ಅಡ್ಡಿಲ್ಲೆ ಅಂದರೂ ಡಾಕ್ಟರು ಹಾಳೆ ನೋಡುತ್ತಾರೆ.

ಕೊನೆಗೆ ನಿಮ್ಮ ಅಮ್ಮ. ನಿಮ್ಮ ಪ್ರಶ್ನೆಯಲ್ಲಿ ಅವರ ಬಗ್ಗೆ ಒಂದೇ ಸಾಲು ಇದೆ. ಮಾತ್ರೆ ಕೊಡುವವರು ಅವರು, ಉಪ್ಪು ಹಾಕುವವರು ಅವರು, ರಾತ್ರಿ ಅಪ್ಪ ಎಷ್ಟು ಸಲ ಎದ್ದರು ಅಂತ ಗೊತ್ತಿರುವವರೂ ಅವರೇ. ಆ ಎರಡು ನಿಮಿಷ ಬಿಟ್ಟು ಉಳಿದ ಹೊತ್ತು ಅವರೂ ಡಾಕ್ಟರ ಕೋಣೆಯ ಒಳಗಿರಲಿ, ಹೊರಗೆ ಬೆಂಚಿನ ಮೇಲೆ ಅಲ್ಲ. ಇವತ್ತು ರಾತ್ರಿ ಫೋನು ಮಾಡಿದಾಗ ಅಪ್ಪನನ್ನು 'ಹೇಗಿದ್ದೀರಿ' ಅಂತ ಕೇಳುವ ಮೊದಲು ಅಮ್ಮನನ್ನು ಕೇಳಿ, ಅಪ್ಪ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ ಅಂತ. ಮಲಗಿದರೆ ಉಸಿರು ಕಟ್ಟುವವರು ದಿಂಬು ಏರಿಸುತ್ತಾ ಹೋಗುತ್ತಾರೆ. ಮನೆಗೆ ಬಂದ ದಿನಕ್ಕಿಂತ ಒಂದು ದಿಂಬು ಜಾಸ್ತಿ ಆಗಿದ್ದರೆ, ಇಲ್ಲವೇ ಕೂತೇ ನಿದ್ದೆ ಮಾಡುತ್ತಿದ್ದರೆ, ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಲಿ. ಕೂತಲ್ಲೇ ಏದುಸಿರು ಬರುತ್ತಿದ್ದರೆ ಬೆಳಗಾಗುವವರೆಗೂ ಬೇಡ, 108ಕ್ಕೆ ಫೋನು ಮಾಡಿ.